ತುಡುಗು ದನ, ಬೀದಿ ನಾಯಿ, ಊರಿನ ಠರಾವು: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಗದಗ, ಹಾವೇರಿ, ಧಾರವಾಡ ಕಡೆಯ ಊರುಗಳಲ್ಲಿ ಈ ಕತೆ ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತದೆ. ಹಿಂಗಾರಿ ಕಡಲೆ ಚಿಗುರುವ ಹೊತ್ತಿಗೆ ದನ ಹೊಲಕ್ಕೆ ಬೀಳುತ್ತವೆ. ಗುಡಿ ಕಟ್ಟೆಯ ಮೇಲೆ ಹತ್ತು ಮಂದಿ ಹಿರಿಯರು ಕೂಡುತ್ತಾರೆ. ‘ದನ ಬಿಟ್ಟವರಿಗೆ ಸಾವಿರ ರೂಪಾಯಿ ದಂಡ’ ಎಂದು ಡಂಗುರ ಹೊಡೆಸುತ್ತಾರೆ. ಎರಡು ವಾರ ಎಲ್ಲರೂ ದನ ಕಟ್ಟುತ್ತಾರೆ. ಮೂರನೇ ವಾರ ಹಿರಿಯರಲ್ಲೇ ಒಬ್ಬರ ಹೋರಿ ಸಿಕ್ಕಿಬೀಳುತ್ತದೆ. ಅಲ್ಲಿಗೆ ಕಟ್ಟಳೆ ಮುಗಿಯಿತು.

ನಮ್ಮೂರಲ್ಲಿ ಹೀಗೆ ಮೂರು ಸಲ ಆಯಿತು. ಮೂರೂ ಸಲ ತಪ್ಪು ಒಂದೇ. ದಂಡ ಎಷ್ಟು ಅನ್ನೋದನ್ನು ಮೊದಲು ತೀರ್ಮಾನಿಸಿದೆವು. ಹಿಡಿದ ದನವನ್ನು ಎಲ್ಲಿ ಕಟ್ಟೋದು, ಮೇವು ಯಾರು ಹಾಕೋದು, ಅದು ಯಾರದು ಅಂತ ಹೇಗೆ ಸಾಬೀತು ಮಾಡೋದು, ಇದನ್ನು ಯಾರೂ ಕೇಳಲಿಲ್ಲ. ಇಲ್ಲಿ ಆ ಕೆಲಸಗಳನ್ನು ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ. ಹಂತ ಹಿಂದುಮುಂದಾದರೆ ಮತ್ತೆ ಗುಡಿ ಕಟ್ಟೆಗೇ ವಾಪಸ್ ಬರುತ್ತೀರಿ.

ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ಉದ್ದ ಗೆರೆಯ ದಪ್ಪ ರಿಜಿಸ್ಟರ್ ಎರಡು. ಒಂದು ಊರಿನ ಎಣಿಕೆಗೆ, ಇನ್ನೊಂದು ಕೊಂಡವಾಡಕ್ಕೆ, ಅಂದರೆ ಹಿಡಿದ ದನ ಕೂಡಿಹಾಕುವ ಜಾಗಕ್ಕೆ. ಕಾರ್ಬನ್ ಹಾಳೆ ಇರುವ ಪಾವತಿ ಪುಸ್ತಕ ಒಂದು. ಗಟ್ಟಿ ಹಗ್ಗ ಏಳೆಂಟು; ನೈಲಾನ್ ಬೇಡ, ಕುತ್ತಿಗೆ ಕೊಯ್ಯುತ್ತದೆ. ನೀರಿನ ತೊಟ್ಟಿ, ಕೀಲಿ, ಒಂದು ಟಾರ್ಚು. ತಾರೀಖು ಮತ್ತು ಹೊತ್ತು ಕಾಣುವಂತೆ ಫೋಟೋ ತೆಗೆಯುವ ಮೊಬೈಲ್ ಹೇಗೂ ಎಲ್ಲರ ಕೈಯಲ್ಲಿದೆ. ಒಂದು ಟ್ರ್ಯಾಕ್ಟರ್ ಕಣಿಕೆ ಅಥವಾ ಹೊಟ್ಟು ಮೊದಲೇ ಒಟ್ಟಿಡಿ. ಮೇವು ಇಲ್ಲದೆ ದನ ಹಿಡಿದರೆ ಮರುದಿನ ಬೈಗುಳ ನಿಮಗೇ.

ಹೊತ್ತೂ ಒಂದು ಸಾಮಾನೇ. ಯುಗಾದಿ ಆದ ಮೇಲೆ ಎಣಿಕೆ ಮಾಡಿ. ಆಗ ಹೊಲ ಖಾಲಿ ಇರುತ್ತವೆ, ಯಾರಿಗೂ ಯಾರ ಮೇಲೂ ಸಿಟ್ಟಿರುವುದಿಲ್ಲ. ರೋಹಿಣಿ ಮಳೆಗೆ ಮೊದಲು ಠರಾವು ಆಗಲಿ. ಕಾರಹುಣ್ಣಿಮೆ ಹೊತ್ತಿಗೆ ಡಂಗುರ ಆಗಲಿ. ಪೀಕು ಹಾಳಾದ ಮೇಲೆ ಸಭೆ ಕರೆದರೆ ಅಲ್ಲಿ ಕಟ್ಟಳೆ ಹುಟ್ಟುವುದಿಲ್ಲ, ಜಗಳ ಹುಟ್ಟುತ್ತದೆ.

ಹಂತ 1: ಊರಿನ ದನ ಎಣಿಸಿ

ಮನೆಮನೆಗೆ ಹೋಗಿ ಬರೆಯಬೇಕು. ಮಾಲೀಕರ ಹೆಸರು, ಎತ್ತು, ಆಕಳು, ಎಮ್ಮೆ, ಕರು, ಕುರಿ, ಆಡು, ಹಂದಿ, ಸಾಕುನಾಯಿ. ಕಾಲುಬಾಯಿ ಬೇನೆಯ ಲಸಿಕೆ ಹಾಕುವಾಗ ಪಶು ಇಲಾಖೆಯವರು ಕಿವಿಗೆ ಹಳದಿ ಓಲೆ ಹಾಕಿರುತ್ತಾರಲ್ಲ, ಅದರಲ್ಲಿ 12 ಅಂಕಿಯ ಸಂಖ್ಯೆ ಇದೆ. ಆ ಸಂಖ್ಯೆಯನ್ನು ತಪ್ಪದೆ ಬರೆದುಕೊಳ್ಳಿ. ನಾಳೆ ‘ಇದು ನನ್ನ ದನ ಅಲ್ರೀ’ ಎಂದವರಿಗೆ ಇದೇ ಉತ್ತರ.

ಓಲೆ ಇಲ್ಲದ ದನಕ್ಕೆ ಗುರುತು ಬರೆಯಿರಿ. ಬಣ್ಣ, ಕೊಂಬಿನ ತಿರುವು, ಹಣೆಯ ಚುಕ್ಕೆ, ಬಾಲದ ತುದಿ. ‘ಕೆಂಪು ಆಕಳು’ ಎಂದಷ್ಟೇ ಬರೆದರೆ ಊರಲ್ಲಿ ಅಂಥವು ಮೂವತ್ತು ಸಿಗುತ್ತವೆ. ಓಲೆ ಬಿದ್ದುಹೋಗಿದ್ದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಹೊಸದು ಹಾಕಿಸಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ಬಿಡಾಡಿ ದನವನ್ನು ಪಟ್ಟಿಯಿಂದ ಕೈಬಿಡುವುದು. ದೇವರಿಗೆ ಬಿಟ್ಟ ಗೂಳಿ, ಹಾಲು ಬತ್ತಿದ ಮೇಲೆ ಬಿಟ್ಟ ಮುದಿ ಆಕಳು, ಬೇಡವಾದ ಗಂಡುಕರು. ಹೊಲಕ್ಕೆ ಹೆಚ್ಚು ಬೀಳುವುದೇ ಇವು. ಕೊನೆಯ ಹಾಳೆಯಲ್ಲಿ ‘ಮಾಲೀಕರಿಲ್ಲ’ ಎಂದು ತಲೆಬರಹ ಕೊಟ್ಟು ಒಂದೊಂದನ್ನೂ ಬರೆಯಿರಿ. ಬರೆಯುತ್ತಾ ಹೋದಂತೆ ಅರ್ಧದಷ್ಟಕ್ಕೆ ಮಾಲೀಕರು ಗೊತ್ತಾಗುತ್ತಾರೆ. ಊರು ಅಂದ್ರೆ ಹಾಗೆ, ಯಾರೋ ಒಬ್ಬ ಅಜ್ಜ ‘ಅದು ಇಂಥವರ ಆಕಳಿನ ಕರ’ ಎಂದು ಹೇಳಿಬಿಡುತ್ತಾನೆ.

ಹಂತ 2: ಜಾಗ ಗಟ್ಟಿ ಮಾಡಿಕೊಳ್ಳಿ

ಎರಡು ಜಾಗ ಬೇಕು. ದನ ಮೇಯಲು ಒಂದು, ಹಿಡಿದ ದನ ಕಟ್ಟಲು ಒಂದು.

ಮೇಯುವ ಜಾಗ ಅಂದರೆ ಗಾಯರಾಣ. ಪಹಣಿಯಲ್ಲಿ ಗೋಮಾಳ ಎಂದಿರಬಹುದು. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಹುಲ್ಲುಗಾವಲು ಬಿಡಬೇಕು. ನಿಮ್ಮ ಎಣಿಕೆ ಕೈಯಲ್ಲಿ ಹಿಡಿದು ತಲಾಟಿಯವರ (ಗ್ರಾಮ ಆಡಳಿತ ಅಧಿಕಾರಿ) ಹತ್ತಿರ ಹೋಗಿ. ದಾಖಲೆಯಲ್ಲಿ ಎಷ್ಟು ಎಕರೆ ಇದೆ, ಜಾಗದ ಮೇಲೆ ಎಷ್ಟು ಉಳಿದಿದೆ ಎಂದು ಕೇಳಿ. ಎರಡಕ್ಕೂ ಬಹಳ ಅಂತರ ಕಂಡರೆ ಒತ್ತುವರಿ ತೆರವಿಗೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ಆದರೆ ಇದು ಮುಗಿಯುವವರೆಗೆ ಉಳಿದ ಕೆಲಸ ನಿಲ್ಲಿಸಬೇಡಿ. ಒತ್ತುವರಿ ಕೆಲಸ ವರ್ಷಗಟ್ಟಲೆ ಎಳೆಯುತ್ತದೆ, ಪೀಕು ಅಷ್ಟು ದಿನ ಕಾಯುವುದಿಲ್ಲ.

ಕಪ್ಪತಗುಡ್ಡ ಅಥವಾ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ಅಂಚಿನ ಊರಿನವರು ಒಂದು ಮಾತು ನೆನಪಿಡಬೇಕು. ಅಭಯಾರಣ್ಯ ನಿಮ್ಮ ಗಾಯರಾಣ ಅಲ್ಲ. ಲಸಿಕೆ ಹಾಕಿಸದ ದನವನ್ನು ಅಲ್ಲಿ ಮೇಯಿಸುವಂತಿಲ್ಲ ಎಂದು 1972ರ ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಹೊಲಕ್ಕೆ ಬರುವ ಚಿಗರಿ, ಕಾಡುಹಂದಿ, ಮಂಗ ಊರಿನ ಠರಾವಿಗೆ ಬರುವುದಿಲ್ಲ. ಅದಕ್ಕೆ ಅರಣ್ಯ ಇಲಾಖೆಯೇ ದಾರಿ. ಅವುಗಳನ್ನು ಹಿಡಿಯಲು, ಹೊಡೆಯಲು ಹೋಗಿ ಕೇಸು ಮಾಡಿಸಿಕೊಳ್ಳಬೇಡಿ.

ಇನ್ನು ಕೊಂಡವಾಡ. ಮೈಸೂರು ಕಡೆ ದೊಡ್ಡಿ ಅನ್ನುತ್ತಾರೆ. ಬಹಳ ಊರುಗಳಲ್ಲಿ ಹಳೆಯ ಕೊಂಡವಾಡ ಇದೆ, ಆದರೆ ಒಳಗೆ ಜಾಲಿಗಿಡ ಬೆಳೆದಿದೆ, ಇಲ್ಲವೇ ಪಂಚಾಯ್ತಿಯ ಹಳೆ ಪೈಪು ತುಂಬಿದ್ದಾರೆ. ಅದನ್ನೇ ಹಸನು ಮಾಡಿ. ನಾಲ್ಕು ಗೋಡೆ, ಗೇಟು, ಅರ್ಧ ಭಾಗಕ್ಕಾದರೂ ತಗಡಿನ ನೆರಳು, ಒಂದು ಗೋದಲಿ, ನೀರಿನ ತೊಟ್ಟಿ. ಎರಿ ನೆಲದ ಮೇಲೆ ಒಂದು ಅಡಿ ಗರಸು ಹಾಕಿಸಿ. ಮಳೆಗಾಲದಲ್ಲಿ ಕರಿಮಣ್ಣಿನ ಕೆಸರಲ್ಲಿ ದನ ನಿಂತರೆ ಗೊರಸು ಕೊಳೆಯುತ್ತದೆ.

ಒಳಗೆ ಅಡ್ಡಗೋಡೆ ಹಾಕಿ ಎರಡು ಭಾಗ ಮಾಡಿದರೆ ಬಹಳ ಅನುಕೂಲ. ಹಾಯುವ ದನ ಒಂದು ಕಡೆ, ಕರು ಮತ್ತು ಕುರಿ ಇನ್ನೊಂದು ಕಡೆ. ಹಾವೇರಿ ಕಡೆಯವರಿಗಂತೂ ಇದು ಬೇಕೇ ಬೇಕು. ಹಬ್ಬಕ್ಕೆ ತಯಾರು ಮಾಡಿದ ಕೊಬ್ಬರಿ ಹೋರಿ (ಕೊಬ್ಬರಿ ಹಾರ ಕಟ್ಟಿ ಓಡಿಸುವ ಹೋರಿ) ಬಿಟ್ಟುಕೊಂಡು ಬಂದರೆ ಅದನ್ನು ಬಡ ಆಕಳ ಜೊತೆ ಕೂಡಿಹಾಕಿದವನ ಗತಿ ದೇವರಿಗೇ ಪ್ರೀತಿ.

ಹಂತ 3: ಗ್ರಾಮಸಭೆಯಲ್ಲಿ ಠರಾವು

ಗುಡಿ ಕಟ್ಟೆಯ ತೀರ್ಮಾನಕ್ಕೆ ಕಾನೂನಿನ ಬಲ ಇಲ್ಲ. ಹಿರಿಯರು ವಸೂಲಿ ಮಾಡಿದ ದಂಡವನ್ನು ಯಾರಾದರೂ ಸ್ಟೇಷನ್‌ನಲ್ಲಿ ಪ್ರಶ್ನೆ ಮಾಡಿದರೆ ಹಿರಿಯರೇ ಸಿಕ್ಕಿಕೊಳ್ಳುತ್ತಾರೆ. ಆದ್ದರಿಂದ ಕೆಲಸ ಪಂಚಾಯ್ತಿ ಮೂಲಕವೇ ಆಗಬೇಕು.

ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ಗ್ರಾಮಸಭೆಯ ಕೋರಂ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅದು. ಕೋರಂ ಇಲ್ಲದೆ ಬರೆದ ಠರಾವು ಸುಮ್ನೆ ಕಾಗದ. ದನ ಕಾಯುವವರನ್ನೂ ಕರೆಯಿರಿ, ಹೊಲದವರನ್ನಷ್ಟೇ ಅಲ್ಲ. ಹೊಲವಿಲ್ಲದೆ ಎರಡು ಎಮ್ಮೆ ಕಟ್ಟಿಕೊಂಡು ಹಾಲಿನ ಮೇಲೆ ಬದುಕುವ ಹೆಣ್ಣುಮಕ್ಕಳು ಪ್ರತಿ ಊರಲ್ಲೂ ಇದ್ದಾರೆ. ಅವರ ಎಮ್ಮೆ ಎಲ್ಲಿ ಮೇಯಬೇಕು ಎಂಬುದಕ್ಕೆ ಸಭೆಯಲ್ಲಿ ಉತ್ತರ ಸಿಗದಿದ್ದರೆ, ಅವರು ರಾತ್ರಿ ಎಮ್ಮೆ ಬಿಡದೆ ಬೇರೆ ದಾರಿ ಇಲ್ಲ. ಅವರನ್ನು ದೂರಿ ಏನು ಪ್ರಯೋಜನ?

ಠರಾವಿನಲ್ಲಿ ಇವಿಷ್ಟು ಇರಲಿ: ಬಿತ್ತನೆಯಿಂದ ರಾಶಿಯವರೆಗೆ ದನ ಬಿಡುವಂತಿಲ್ಲ, ಕಾಯುವವರಿಲ್ಲದೆ ಹೊಡೆಯುವಂತಿಲ್ಲ, ದನ ಹೋಗುವ ದಾರಿ ಯಾವುದು, ಗಾಯರಾಣದಲ್ಲಿ ಯಾವ ತಿಂಗಳು ಯಾವ ಕಡೆ ಮೇಯಬೇಕು, ಕೊಂಡವಾಡ ನೋಡಿಕೊಳ್ಳುವವರು ಯಾರು, ಅವರಿಗೆ ಸಂಬಳ ಎಲ್ಲಿಂದ, ಮೇವಿನ ಖರ್ಚು ದಿನಕ್ಕೆ ಎಷ್ಟು. ರಾಶಿ ಮುಗಿದ ಮೇಲೆ ಯಾವ ತಾರೀಖಿನಿಂದ ಹೊಲಗಳಲ್ಲಿ ದನ ಬಿಡಬಹುದು ಅನ್ನೋದನ್ನೂ ಬರೆಯಿರಿ. ‘ಬಿಡಬಾರದು’ ಎಂದಷ್ಟೇ ಹೇಳುವ ಕಟ್ಟಳೆ ಬಾಳುವುದಿಲ್ಲ, ‘ಯಾವಾಗ ಬಿಡಬಹುದು’ ಎಂದೂ ಹೇಳಬೇಕು.

ದಂಡದ ಮೊತ್ತ ಇಲ್ಲಿ ಸೂಕ್ಷ್ಮ. ಕೊಂಡವಾಡದ ದಂಡ 1966ರ ಕರ್ನಾಟಕ ಜಾನುವಾರು ಅತಿಕ್ರಮಣ ಕಾಯ್ದೆಯಡಿ ಬರುತ್ತದೆ. ಮನಸ್ಸಿಗೆ ಬಂದಷ್ಟು ಹಾಕುವಂತಿಲ್ಲ. ಪಿಡಿಒ ಅವರಿಂದ ಚಾಲ್ತಿಯಲ್ಲಿರುವ ದರ ಬರೆಸಿಕೊಂಡು ಅದನ್ನೇ ಗೋಡೆಗೆ ಬರೆಸಿ. ಅದು ಸಣ್ಣ ಮೊತ್ತ ಅನ್ನಿಸಬಹುದು. ಚಿಂತೆ ಬೇಡ. ಮಾಲೀಕರಿಗೆ ನಿಜವಾಗಿ ತಾಗುವುದು ದಂಡ ಅಲ್ಲ. ಎಲ್ಲರ ಕಣ್ಣೆದುರು ಕೊಂಡವಾಡಕ್ಕೆ ಬಂದು, ರಿಜಿಸ್ಟರಿಗೆ ಸಹಿ ಮಾಡಿ, ಮೇವಿನ ರೊಕ್ಕ ಕೊಟ್ಟು ಹಗ್ಗ ಹಿಡಿದು ಹೋಗುವುದು.

ಹಂತ 4: ಊರಿಗೆಲ್ಲ ತಿಳಿಸಿ

ಡಂಗುರ ಸಂಜೆ ಹೊಡೆಸಿ, ಹೊಲಕ್ಕೆ ಹೋದವರು ಮನೆಗೆ ಬಂದ ಮೇಲೆ. ಪಂಚಾಯ್ತಿ ಗೋಡೆ, ಹಾಲಿನ ಡೇರಿ, ಬಸ್ ಸ್ಟ್ಯಾಂಡು, ಮೂರೂ ಕಡೆ ನೋಟಿಸ್ ಅಂಟಿಸಿ. ಅಕ್ಕಪಕ್ಕದ ಊರಿನ ಪಂಚಾಯ್ತಿಗೂ ಒಂದು ಪ್ರತಿ ಕಳಿಸಿ, ಸೀಮೆ ದಾಟಿ ಬರುವ ದನ ಬಹಳ. ಮೊದಲ 15 ದಿನ ಹಿಡಿದ ದನವನ್ನು ಬರೀ ಎಚ್ಚರಿಕೆ ಬರೆದುಕೊಂಡು ಬಿಡಿ. ಆಮೇಲೆ ರಿಯಾಯ್ತಿ ಬೇಡ.

ಹಂತ 5: ಹೊಲದಲ್ಲಿ ದನ ಹಿಡಿಯುವುದು

ಹೆಚ್ಚು ಜನ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಯಾರು ಹಿಡಿಯಬಹುದು? ಹೊಲ ಉಳುವವನು, ಅಂದರೆ ಮಾಲೀಕ ಅಥವಾ ಲಾವಣಿ (ಗೇಣಿ) ಹಿಡಿದವನು. ದನ ನಿಮ್ಮ ಹೊಲದೊಳಗೆ ಬಂದಿರಬೇಕು, ಹಾನಿ ಮಾಡುತ್ತಿರಬೇಕು. ಚಕ್ಕಡಿ ದಾರಿಯಲ್ಲಿ ಸುಮ್ನೆ ಹೋಗುತ್ತಿದ್ದ ದನವನ್ನು ಎಳೆದುಕೊಂಡು ಬಂದರೆ ತಪ್ಪು ನಿಮ್ಮದು. ಹೀಗೆ ಅನ್ಯಾಯವಾಗಿ ಹಿಡಿದರೆ ಮಾಲೀಕರು ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬಹುದು. ಕಾಯ್ದೆಯಲ್ಲಿ ‘ಜಾನುವಾರು’ ಅಂದರೆ ಆಕಳು, ಎತ್ತು ಮಾತ್ರ ಅಲ್ಲ. ಎಮ್ಮೆ, ಕುದುರೆ, ಕತ್ತೆ, ಹಂದಿ, ಕುರಿ, ಆಡು ಎಲ್ಲ ಸೇರಿವೆ. ನಾಯಿ ಮತ್ತು ಕೋಳಿ ಸೇರಿಲ್ಲ.

ಮೊದಲು ಫೋಟೋ. ದನ ಮೇಯುತ್ತಿರುವಾಗಲೇ, ಬದು ಅಥವಾ ಗಿಡ ಕಾಣುವಂತೆ ಮೂರ್ನಾಲ್ಕು ತೆಗೆಯಿರಿ. ಆಮೇಲೆ ಪಕ್ಕದ ಹೊಲದವರಿಗೆ ಕೂಗಿ. ಸಾಕ್ಷಿ ಇಲ್ಲದೆ ಒಬ್ಬರೇ ಹಿಡಿಯಬೇಡಿ. ಆಮೇಲೆ ಹಗ್ಗ.

ಕೋಲು ಬೀಸಬೇಡಿ, ಕಲ್ಲು ಎಸೆಯಬೇಡಿ. ಸಿಟ್ಟಿನಲ್ಲಿ ಕಾಲು ಮುರಿದರೆ ನಿಮ್ಮ ಪೀಕಿನ ಕೇಸು ಹೋಗಿ ನಿಮ್ಮ ಮೇಲೇ ಕೇಸು ಬರುತ್ತದೆ. ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಅಂಗ ಊನ ಮಾಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ 5 ವರ್ಷದವರೆಗೆ ಶಿಕ್ಷೆ ಇದೆ. ನಾನು ನೋಡಿದ ಒಂದು ಪ್ರಕರಣದಲ್ಲಿ ನಾಲ್ಕು ಸಾಲು ಹೆಸರಿನ ಪೀಕು ಕಳೆದುಕೊಂಡ ರೈತ, ಕೊಡಲಿ ಬೀಸಿ ಎತ್ತಿನ ತೊಡೆ ಕಡಿದ. ಎತ್ತಿನ ಬೆಲೆ ಕೊಟ್ಟು ರಾಜಿ ಆಗುವ ಹೊತ್ತಿಗೆ ಅವನ ಹೊಲದ ಎರಡು ವರ್ಷದ ಗಳಿಕೆ ಹೋಗಿತ್ತು.

ಹಿಡಿದ ದನವನ್ನು 24 ಗಂಟೆಯೊಳಗೆ ಕೊಂಡವಾಡಕ್ಕೆ ಮುಟ್ಟಿಸಬೇಕು. ನಿಮ್ಮ ಮನೆಯ ಕೊಟ್ಟಿಗೆಯಲ್ಲಿ ಕಟ್ಟಿಕೊಂಡು ‘ರೊಕ್ಕ ಕೊಟ್ಟು ಒಯ್ಯಿ’ ಎಂದು ಚೌಕಾಶಿ ಮಾಡುವಂತಿಲ್ಲ. ದಾರಿಯಲ್ಲಿ ಮಾಲೀಕರು ಎದುರಾಗಿ ಜಬರದಸ್ತಿಯಿಂದ ಬಿಡಿಸಿಕೊಂಡು ಹೋದರೆ ಅದೂ ಅಪರಾಧವೇ. ಕೈಕೈ ಮಿಲಾಯಿಸಬೇಡಿ. ವಿಡಿಯೋ ಮಾಡಿ, ಅವತ್ತೇ ಪಂಚಾಯ್ತಿಗೂ ಸ್ಟೇಷನ್‌ಗೂ ಬರೆದು ಕೊಡಿ.

ಗುರುತಿನವರ ದನ ಮೊದಲ ಸಲ ಬಂದಿದ್ದರೆ ಮಾತಿನಲ್ಲೇ ಮುಗಿಯಲಿ. ‘ಕಾಕಾ, ನಿಮ್ಮ ಎಮ್ಮಿ ಇವತ್ತ ನಮ್ಮ ಹೊಲಕ್ಕ ಬಂದಿತ್ತ ನೋಡ್ರಿ, ಹಗ್ಗ ಗಟ್ಟಿ ಮಾಡ್ರಿ’ ಎಂದರೆ ಬಹಳ ಮಂದಿ ತಿದ್ದಿಕೊಳ್ಳುತ್ತಾರೆ. ಕೆಲವರು ಮಾತ್ರ ‘ಕಡ್ಲಿ ಕುಡಿ ಚಿವುಟಿದ್ರ ಟಿಸಲ ಒಡಿತೈತಿ, ನಿನಗ ಛಲೋನ ಆತಲ್ಲೋ’ ಎನ್ನುತ್ತಾರೆ. ಕುಡಿ ಚಿವುಟುವುದು ಕೈಯಿಂದ, ಹೂವಿಗೆ ಮೊದಲು. ಎಮ್ಮೆ ಬುಡಸಮೇತ ಕಿತ್ತು, ಹಸಿ ಎರಿ ನೆಲ ತುಳಿದು ಗಟ್ಟಿ ಮಾಡಿ ಹೋಗುತ್ತದೆ. ಇಂಥವರಿಗೆ ಕೊಂಡವಾಡವೇ ಮದ್ದು.

ಎಚ್ಚರಿಕೆಯ ಲಕ್ಷಣ: ದನ ಸಿಕ್ಕಿದ್ದು ಎಳೆ ಜೋಳದ ಹೊಲದಲ್ಲಿ, ಅದರಲ್ಲೂ ಮಳೆ ಇಲ್ಲದೆ ಬಾಡಿದ ಜೋಳದಲ್ಲಿ ಎಂದಿದ್ದರೆ ಮೊದಲು ಅದರ ಉಸಿರು ನೋಡಿ. ಎಳೆ ಜೋಳದಲ್ಲಿ ಸಯನೈಡ್ ವಿಷ ಇರುತ್ತದೆ. ಏದುಸಿರು, ಜೊಲ್ಲು, ತೂರಾಡುವುದು, ನೆಲಕ್ಕೆ ಬೀಳುವುದು ಕಂಡರೆ ಒಂದು ಗಳಿಗೆಯೂ ಕಾಯಬೇಡಿ. 1962ಕ್ಕೆ ಫೋನ್ ಮಾಡಿ ಪಶು ಆಂಬುಲೆನ್ಸ್ ಕರೆಸಿ, ಹತ್ತಿರದ ಡಾಕ್ಟರಿಗೂ ಹೇಳಿ. ಮಾಲೀಕರಿಗೆ ತಕ್ಷಣ ತಿಳಿಸಿ. ಇಲ್ಲದಿದ್ದರೆ ‘ಹೊಲದವರೇ ವಿಷ ಹಾಕಿದರು’ ಎಂಬ ಮಾತು ಹುಟ್ಟುತ್ತದೆ. ಎಣ್ಣೆ (ಕೀಟನಾಶಕ) ಹೊಡೆದ ಹೊಲಕ್ಕೂ ಇದೇ ಮಾತು. ಹೊಡೆದ ದಿನವೇ ಬದುವಿನಲ್ಲಿ ಕೆಂಪು ಬಟ್ಟೆ ಕಟ್ಟಿ, ದನ ಕಾಯುವವರಿಗೆ ಹೇಳಿಬಿಡಿ.

ಇನ್ನೊಂದು. ಬೇಲಿಗೆ ನೇರವಾಗಿ ಕರೆಂಟ್ ಹಾಯಿಸುವವರು ಈಗಲೂ ಇದ್ದಾರೆ. ಅದರಿಂದ ಸಾಯುವುದು ದನಕ್ಕಿಂತ ಮೊದಲು ರಾತ್ರಿ ನೀರು ಹಾಯಿಸಲು ಬಂದ ನಿಮ್ಮ ಮಗನೇ ಇರಬಹುದು. ಸೋಲಾರ್ ಝಟ್ಕಾ ಯಂತ್ರ ಬೇರೆ. ಅದು ಬಡಿದು ಬಿಡುತ್ತದೆ, ಕೊಲ್ಲುವುದಿಲ್ಲ. ಅದಕ್ಕೂ ಫಲಕ ಹಾಕಿ.

ಹಂತ 6: ಕೊಂಡವಾಡದ ಲೆಕ್ಕ

ದನ ಒಳಗೆ ಬಂದ ಕೂಡಲೇ ರಿಜಿಸ್ಟರಿನಲ್ಲಿ ಬರೆಯಬೇಕು: ಎಷ್ಟು ದನ, ಗುರುತು, ಓಲೆ ಸಂಖ್ಯೆ, ಹಿಡಿದ ದಿನ ಮತ್ತು ಹೊತ್ತು, ಹಿಡಿದವರ ಹೆಸರು, ಊರು, ಮಾಲೀಕರು ಗೊತ್ತಿದ್ದರೆ ಅವರ ಹೆಸರು. ಅದರ ಪ್ರತಿಯನ್ನು ಹಿಡಿದು ತಂದವರಿಗೆ ಕೊಡಬೇಕು. ‘ನಾಳೆ ಬರೆಯೋಣ’ ಎಂದರೆ ರಾತ್ರಿಯೇ ಗೇಟು ತೆರೆದಿರುತ್ತದೆ, ಬೆಳಿಗ್ಗೆ ದನ ಇರುವುದಿಲ್ಲ.

ಕರು ಇರುವ ಆಕಳು ಬಂದರೆ ಕರುವನ್ನೂ ತರಿಸಿ. ಕರು ಸಿಗದಿದ್ದರೆ ಹಾಲು ಹಿಂಡಲು ಮಾಲೀಕರಿಗೆ ಬಿಡಿ. ಕೆಚ್ಚಲು ಬಿಗಿದು ಬಾವು ಬಂದರೆ ಆಕಳು ಕೆಡುತ್ತದೆ, ಆ ಪಾಪ ಮತ್ತು ಖರ್ಚು ಪಂಚಾಯ್ತಿಗೆ.

ಮಾಲೀಕರು ದಂಡ ಮತ್ತು ಮೇವಿನ ಖರ್ಚು ಕೊಟ್ಟರೆ ಪಾವತಿ ಬರೆದು ದನ ಬಿಡಿ. ಪಾವತಿ ಇಲ್ಲದೆ ಒಂದು ಆಡನ್ನೂ ಬಿಡಬೇಡಿ, ಅಧ್ಯಕ್ಷರದೇ ಆಗಿರಲಿ. ನಿಜ ಹೇಳಬೇಕೆಂದರೆ ಅಧ್ಯಕ್ಷರ ಅಥವಾ ಸದಸ್ಯರ ದನ ಮೊದಲ ತಿಂಗಳಲ್ಲೇ ಸಿಕ್ಕರೆ ಒಳ್ಳೆಯದು. ಅವರು ಎಲ್ಲರೆದುರು ದಂಡ ಕಟ್ಟಿದರೆ ಮುಂದಿನ ಎರಡು ವರ್ಷ ಡಂಗುರವೇ ಬೇಕಾಗುವುದಿಲ್ಲ.

ಯಾರೂ ಬರದಿದ್ದರೆ? ಕೊಂಡವಾಡದವರು ಸ್ಟೇಷನ್‌ಗೆ ವರದಿ ಕೊಡಬೇಕು, ಊರಲ್ಲಿ ಮತ್ತು ಹತ್ತಿರದ ಸಂತೆಯಲ್ಲಿ ಸಾರಬೇಕು. ಕಾಯ್ದೆಯ ಗಡುವು ಮುಗಿದ ಮೇಲೆ ಬಹಿರಂಗ ಹರಾಜು. ಬಿಡಾಡಿ ದನವಾದರೆ ಗೋಶಾಲೆಗೆ ಕಳಿಸುವ ದಾರಿಯನ್ನು ಪಶು ಇಲಾಖೆಯವರ ಜೊತೆ ಮೊದಲೇ ಮಾತಾಡಿಕೊಂಡಿರಿ. ದನ ಬಂದ ಮೇಲೆ ಗೋಶಾಲೆ ಹುಡುಕಿದರೆ ‘ಜಾಗ ಇಲ್ಲ’ ಎಂಬ ಉತ್ತರವೇ ಸಿಗುತ್ತದೆ.

ಹಂತ 7: ಪೀಕಿನ ಹಾನಿ ಭರ್ತಿ

ಎಲ್ಲರೂ ತಿಳಿದುಕೊಂಡಿರುವ ತಪ್ಪು: ಕೊಂಡವಾಡದ ದಂಡ ಹೊಲದವನಿಗೆ ಬರುತ್ತದೆ ಎನ್ನುವುದು. ಬರುವುದಿಲ್ಲ. ಹಾನಿಯ ಭರ್ತಿ ಬೇರೆ ವ್ಯವಹಾರ.

ಅವತ್ತೇ ಪಂಚನಾಮೆ ಮಾಡಿಸಿ. ಐದು ಮಂದಿ ಪಂಚರು, ಅದರಲ್ಲಿ ಇಬ್ಬರಾದರೂ ನಿಮ್ಮ ಬಂಧುಗಳಲ್ಲದವರು. ಎಷ್ಟು ಸಾಲು, ಯಾವ ಪೀಕು, ಎಷ್ಟು ದಿನದ್ದು, ತಿಂದದ್ದೆಷ್ಟು, ತುಳಿದದ್ದೆಷ್ಟು ಎಂದು ಬರೆಯಲಿ. ಹೊಲದ ಉತಾರ (ಪಹಣಿ) ಜೊತೆಗಿರಲಿ. ಒಂದೆರಡು ಗುಂಟೆ ಹಾಳಾದದ್ದಕ್ಕೆ ಪೂರ್ತಿ ಎಕರೆಯ ಬೆಲೆ ಕೇಳಬೇಡಿ. ಹಾಗೆ ಕೇಳಿದವರ ಮಾತನ್ನು ಮುಂದಿನ ಸಲ ಪಂಚರು ನಂಬುವುದಿಲ್ಲ.

ರಾಜಿಯಾದರೆ ಎರಡು ಸಾಲು ಬರೆದು ಇಬ್ಬರೂ ಸಹಿ ಮಾಡಿ. ರೊಕ್ಕದ ಬದಲು ಕಾಳು ಕೊಡುತ್ತೇನೆ, ರಾಶಿಯ ಮೇಲೆ ಕೊಡುತ್ತೇನೆ ಎಂದರೂ ಒಪ್ಪಬಹುದು, ಆದರೆ ತಾರೀಖು ಬರೆಸಿ. ರಾಜಿಯಾಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ವಕೀಲರ ಫೀ ಇಲ್ಲದೆ ಲೋಕ ಅದಾಲತ್‌ನಲ್ಲಿ ಬಗೆಹರಿಯುವ ವಿಷಯ ಇದು.

ಹಂತ 8: ಕುರಿ ಹಿಂಡು ಬಂದಾಗ

ರಾಶಿ ಮುಗಿದ ಹೊಲಕ್ಕೆ ಬೇರೆ ಜಿಲ್ಲೆಗಳಿಂದ ಕುರಿಗಾರರು ಬರುತ್ತಾರೆ. ಗೊಬ್ಬರಕ್ಕಾಗಿ ನಾವೇ ಕರೆದು ಕುರಿ ತರುಬಿಸುತ್ತೇವೆ. ಜಗಳ ಆಗುವುದು ಒಂದು ಹೊಲ ಕಟಾವಾಗಿ ಪಕ್ಕದ್ದು ಇನ್ನೂ ನಿಂತಿರುವಾಗ. ಕರೆದವರು ಕುರಿಗಾರರಿಗೆ ಹೊಲದ ಗಡಿ ತೋರಿಸಬೇಕು, ಬಾವಿ ಅಥವಾ ಕೆರೆಯ ದಾರಿ ಹೇಳಬೇಕು, ಪಕ್ಕದವರಿಗೆ ಹಿಂದಿನ ದಿನವೇ ತಿಳಿಸಬೇಕು. ತಪ್ಪಾದರೆ ಮೊದಲು ಕೇಳಬೇಕಾದ್ದು ಕರೆದವರನ್ನು. ಅಲೆಮಾರಿ ಅಂತ ಕುರಿಗಾರನ ಮರಿ ಕಸಿದುಕೊಳ್ಳುವುದು ಕಟ್ಟಳೆಯಲ್ಲ, ದರೋಡೆ.

ಹಿಂಡಿಗೆ ಪಿಪಿಆರ್ (ಕುರಿ, ಆಡುಗಳ ಅಂಟುಬೇನೆ) ಮತ್ತು ಕರುಳು ಬೇನೆಯ ಲಸಿಕೆ ಆಗಿದೆಯೇ ಎಂದು ಕೇಳಿ. ಕಣ್ಣು, ಮೂಗು ಸುರಿಯುವ, ಭೇದಿ ಆಗುವ ಕುರಿ ಕಂಡರೆ ಊರಿನ ಕುರಿ, ಆಡು ಅದರ ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಹಂತ 9: ಬೇನೆ ಬಿದ್ದ ದನ

ಕೊಂಡವಾಡ ಬೇನೆ ಹರಡುವ ಜಾಗವೂ ಹೌದು. 2022ರಲ್ಲಿ ಚರ್ಮಗಂಟು ರೋಗ ಹಾವೇರಿ ಕಡೆ ಹಬ್ಬಿದ್ದು ಎಲ್ಲರಿಗೂ ನೆನಪಿದೆ. ನೊಣ, ಸೊಳ್ಳೆ, ಉಣ್ಣೆಗಳಿಂದ ಅದು ಹರಡುತ್ತದೆ. ಮೈಮೇಲೆ ಗಂಟು, ಬಾಯಲ್ಲಿ ಜೊಲ್ಲು, ಗೊರಸಿನ ಸಂದಿಯಲ್ಲಿ ಹುಣ್ಣು, ಗಂಟಲು ಬಾವು ಇರುವ ದನವನ್ನು ಕೊಂಡವಾಡಕ್ಕೆ ಸೇರಿಸಬೇಡಿ. ಬೇರೆ ಕಡೆ ಕಟ್ಟಿ ಡಾಕ್ಟರನ್ನು ಕರೆಸಿ. ಅಂಟುಬೇನೆ ಅನುಮಾನ ಬಂದರೆ ಪಂಚಾಯ್ತಿಗೆ ತಿಳಿಸುವುದು ಮಾಲೀಕರ ಕರ್ತವ್ಯ, 2009ರ ಕೇಂದ್ರ ಕಾಯ್ದೆಯಲ್ಲೇ ಇದು ಇದೆ. ಮುಚ್ಚಿಟ್ಟವರ ದನದ ಜೊತೆ ಊರಿನ ದನವೂ ಹೋಗುತ್ತವೆ.

ಸಂತೆಯಿಂದ ತಂದ ದನವನ್ನು 15ರಿಂದ 21 ದಿನ ಬೇರೆ ಕಟ್ಟಿ, ಬೇರೆ ನೀರು ಕುಡಿಸಿ. ಕಾಲುಬಾಯಿ ಲಸಿಕೆ ವರ್ಷಕ್ಕೆ ಎರಡು ಸಲ. ಕಂದುರೋಗದ (ಬ್ರುಸೆಲ್ಲೋಸಿಸ್) ಲಸಿಕೆ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಮಾತ್ರ, ಜೀವನದಲ್ಲಿ ಒಂದೇ ಸಲ. ಅದನ್ನು ಡಾಕ್ಟರೇ ಹಾಕಬೇಕು, ಅದು ಮನುಷ್ಯರಿಗೂ ತಗಲುವ ಬೇನೆ.

ಹಂತ 10: ನಾಯಿಗಳ ವಿಷಯ ಬೇರೆ ಇಡಿ

ದನದ ಠರಾವಿನಲ್ಲೇ ‘ನಾಯಿ ಹಿಡಿಸಬೇಕು’ ಎಂದು ಒಂದು ಸಾಲು ಸೇರಿಸಿದರೆ ಎರಡೂ ಕೆಡುತ್ತವೆ. ನಾಯಿಗೆ ಕೊಂಡವಾಡ ಇಲ್ಲ. ಅದಕ್ಕೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಿವೆ. ಹಿಡಿದು, ಸಂತಾನಹರಣ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಬೇಕು. ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇರುವ ಸಂಸ್ಥೆಯಿಂದಲೇ ಮಾಡಿಸಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಆವರಣದ ನಾಯಿಗಳನ್ನು ಮಾತ್ರ ಅಲ್ಲಿಂದ ತೆಗೆದು ಆಶ್ರಯ ಕೇಂದ್ರಕ್ಕೆ ಸೇರಿಸಬೇಕು, ವಾಪಸ್ ಅಲ್ಲೇ ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಒಂದು ಪಂಚಾಯ್ತಿಗೆ ಈ ಖರ್ಚು ಭಾರ. ಅಕ್ಕಪಕ್ಕದ ನಾಲ್ಕೈದು ಪಂಚಾಯ್ತಿ ಕೂಡಿ ಒಂದೇ ಸಲ ಮಾಡಿಸಿದರೆ ಹಗುರ.

ಟ್ರ್ಯಾಕ್ಟರಿನಲ್ಲಿ ತುಂಬಿ ಮುಂದಿನ ಊರಿನ ಹಳ್ಳದಲ್ಲಿ ಬಿಟ್ಟು ಬರುವುದು ನಮ್ಮ ಕಡೆಯ ಜನಪ್ರಿಯ ಉಪಾಯ. ಆ ಊರಿನವರು ತಮ್ಮವನ್ನು ತಂದು ಇಲ್ಲಿ ಬಿಡುತ್ತಾರೆ. ಲಸಿಕೆ ಆಗದ, ಜಾಗ ಗೊತ್ತಿಲ್ಲದ ಹೊಸ ನಾಯಿ ಹಳೆಯದಕ್ಕಿಂತ ಜಾಸ್ತಿ ಕಚ್ಚುತ್ತದೆ. ವಿಷ ಹಾಕುವುದಂತೂ ಅಪರಾಧ.

ನಾಯಿ ಕೂಡುವುದು ತಿನ್ನಲು ಸಿಗುವ ಕಡೆ. ಕೋಳಿ ಅಂಗಡಿಯವರಿಗೆ ತ್ಯಾಜ್ಯ ಹೂಳಲು ಗುಂಡಿ ಕಡ್ಡಾಯ ಮಾಡಿ. ಸತ್ತ ದನವನ್ನು ಹಳ್ಳದ ದಂಡೆಗೆ ಎಸೆಯದೆ ಆಳವಾಗಿ ಹೂಳಿಸಿ. ಈ ಎರಡೇ ಕೆಲಸಕ್ಕೆ ಆರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಸಾಕುನಾಯಿಗಳಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ, ಕೊರಳಿಗೆ ಪಟ್ಟಿ ಹಾಕಿಸಿ. ಕಚ್ಚುವ ಸ್ವಭಾವ ಗೊತ್ತಿದ್ದೂ ಬಿಟ್ಟ ಮಾಲೀಕರಿಗೆ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ 6 ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ ಇದೆ. ಇದು ಹಾಯುವ ಹೋರಿಗೂ ಅನ್ವಯ.

ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿಣ, ಖಾರದಪುಡಿ ಏನೂ ಬೇಡ. ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಚರ್ಮದೊಳಗೆ ಹಾಕುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ರಕ್ತ ಬಂದ ಗಾಯಕ್ಕೆ ಲಸಿಕೆ ಜೊತೆ ಸೀರಂ ಕೂಡ ಬೇಕು. ಅಲ್ಲಿ ಸಿಗದಿದ್ದರೆ ಜಿಲ್ಲಾ ಆಸ್ಪತ್ರೆಗೆ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೆ ಹೊರಡಿ. ನಾಯಿ ಸಾಯುತ್ತದೋ ಇಲ್ಲವೋ ಎಂದು 10 ದಿನ ನೋಡಿ ಆಮೇಲೆ ಇಂಜೆಕ್ಷನ್ ಮಾಡಿಸುವುದಲ್ಲ. ಇಂಜೆಕ್ಷನ್ ಮೊದಲು, ನಾಯಿಯನ್ನು ನೋಡುವುದು ಆಮೇಲೆ.

ರಸ್ತೆ ಬದಿಯ ಊರುಗಳಿಗೆ

ಹುಬ್ಬಳ್ಳಿ–ಗದಗ ಹೆದ್ದಾರಿ, ಹಾವೇರಿ ಮೇಲೆ ಹೋಗುವ ಪುಣೆ–ಬೆಂಗಳೂರು ಹೆದ್ದಾರಿ ಅಂಚಿನವರಿಗೆ ಒಂದು ಕೆಲಸ ಜಾಸ್ತಿ. ರಾತ್ರಿ ಬೆಚ್ಚಗಿರುವ ಡಾಂಬರಿನ ಮೇಲೆ ದನ ಮಲಗುತ್ತವೆ. ಕೊರಳಿಗೆ ಹೊಳೆಯುವ ಪಟ್ಟಿ ಕಟ್ಟಿ. ಹೆದ್ದಾರಿ ಮೇಲೆ ದನ ಕಂಡರೆ 1033ಕ್ಕೆ ಹೇಳಿ.

ಕಟ್ಟಳೆ ಹಳಿ ತಪ್ಪುತ್ತಿದೆ ಎಂದು ತಿಳಿಯುವುದು ಹೇಗೆ?

ರಿಜಿಸ್ಟರಿನಲ್ಲಿ ಒಂದೇ ಓಣಿಯವರ ದನ ಬರುತ್ತಿದ್ದರೆ, ಆ ಓಣಿಯವರಿಗೆ ಮೇಯಿಸುವ ಜಾಗ ಇಲ್ಲ ಎಂದರ್ಥ, ಇಲ್ಲವೇ ಹಿಡಿಯುವವರು ಮುಖ ನೋಡಿ ಹಿಡಿಯುತ್ತಿದ್ದಾರೆ ಎಂದರ್ಥ. ದನ ಬಂದಿವೆ, ಪಾವತಿ ಪುಸ್ತಕ ಖಾಲಿ ಎಂದರೆ ಕೀಲಿ ಯಾರ ಕೈಯಲ್ಲಿದೆ ನೋಡಿ. ಗೋದಲಿಯಲ್ಲಿ ಮೇವಿಲ್ಲದೆ ದನ ಎರಡು ದಿನ ಒದರಿದರೆ ಊರಿನ ಕನಿಕರ ದನದ ಕಡೆ ತಿರುಗುತ್ತದೆ, ಆಮೇಲೆ ಹೊಲದವನೇ ಕಟುಕ ಅನ್ನಿಸಿಕೊಳ್ಳುತ್ತಾನೆ. ಮೂರು ತಿಂಗಳು ಒಂದೂ ದನ ಬಂದಿಲ್ಲ ಎಂದು ಹಿಗ್ಗಬೇಡಿ. ಮುಂಜಾನೆ ಐದಕ್ಕೆ ಟಾರ್ಚು ಹಿಡಿದು ಹೊಲದ ಕಡೆ ಒಂದು ಸುತ್ತು ಹೋಗಿ ಬನ್ನಿ. ಬದುವಿನ ಮೇಲೆ ಹಸಿ ಸಗಣಿ ಇದ್ದರೆ, ಹಿಡಿಯುವವರು ಸುಸ್ತಾಗಿದ್ದಾರೆ ಅಷ್ಟೇ.